ಮೇಲಿಂದ ಕಂಡಷ್ಟೇ ಲೆಕ್ಕ

ಪೆರ್ಲದಲ್ಲಿ ನಿನ್ನೆಯಿಂದ ಬಿಡದ ಮಳೆ, ಕರೆಂಟಿಲ್ಲ. ಮಕ್ಕಳು ಬ್ಲೋಕಸ್ ತ್ರೀಡಿ ಅನ್ನುವ, ಬಣ್ಣದ ತುಂಡು ಒಂದರ ಮೇಲೊಂದು ಪೇರಿಸುವ ಆಟ ಬಿಡಿಸಿ ಕೂತರು. (ಮೊದಲು ಇದರ ಹೆಸರು ರೂಮಿಸ್ ಅಂತಿತ್ತು.) ಒಬ್ಬೊಬ್ಬರಿಗೆ 11 ತುಂಡು. ನಮ್ಮದೇ ಬಣ್ಣಕ್ಕೆ ತಾಗಿಸಿ ಇಡಬೇಕು, ಅಡಿಯಲ್ಲಿ ಟೊಳ್ಳು ಬಿಡುವ ಹಾಗಿಲ್ಲ.

ಮುರಕಲ್ಲಿನ ಗೋಡೆ ಎಷ್ಟೋ ಕಟ್ಟಿಸಿದ ಅಪ್ಪ ಕನ್ನಡಕ ಏರಿಸಿ, "ಅಡಿ ಗಟ್ಟಿ ಇರಬೇಕು ಮಗಳೇ" ಅಂತ ಕೆಳಗೇ ತುಂಬಿಸುತ್ತಾ ಹೋದರು. ನನ್ನ ಮಗಳು ಸುಮ್ನೆ ಅದರ ಮೇಲೆ ಹತ್ತಿಸಿದಳು. ಕೊನೆಗೆ ಲೆಕ್ಕಕ್ಕೆ ಬರುವುದು ಮೇಲಿಂದ ಕಾಣುವ ಚೌಕ ಮಾತ್ರ. ಕೈಯಲ್ಲಿ ಉಳಿದ ತುಂಡಿಗೆ ಒಂದೊಂದು ಅಂಕ ಕಟ್. ಅಪ್ಪನ ಹಸಿರು ಕಂಡದ್ದು ಎರಡೇ ಚೌಕ!

ಮನೆಯ ಪಂಚಾಂಗದ (ಅಡಿಪಾಯದ) ಕಲ್ಲು ಯಾರಿಗೆ ಕಾಣುತ್ತದೆ, ಅಲ್ವಾ?

ಅಪ್ಪ ಮಾತ್ರ ಒಪ್ಪಿಲ್ಲ. "ನನ್ನ ಕಲ್ಲು ಎಳೆದು ನೋಡು" ಅಂತ ಈಗಲೂ ಗೊಣಗುತ್ತಿದ್ದಾರೆ.