ಒಂದೇ ದಾಖಲೆಯನ್ನು ಇಬ್ಬರು ತಿದ್ದಿದಾಗ

ಕೆಲವು ವರ್ಷಗಳ ಹಿಂದೆ ಹಾಲು ಉತ್ಪಾದಕರ ಸಹಕಾರ ಸಂಘವೊಂದಕ್ಕೆ ಸದಸ್ಯರ ದಾಖಲೆಗಳನ್ನು ನಿರ್ವಹಿಸುವ ತಂತ್ರಾಂಶವನ್ನು ಬರೆದುಕೊಟ್ಟಿದ್ದೆ. ಒಂದು ದಿನ ಅಲ್ಲಿನ ಗುಮಾಸ್ತರೊಬ್ಬರು ಸದಸ್ಯೆಯೊಬ್ಬರ ಬ್ಯಾಂಕ್ ಖಾತೆ ಸಂಖ್ಯೆಯನ್ನು ಬದಲಾಯಿಸಿ ಉಳಿಸಿದರು. ಅದಕ್ಕೂ ಮೊದಲೇ ಅದೇ ದಾಖಲೆಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಿಟ್ಟುಕೊಂಡಿದ್ದ ಮತ್ತೊಬ್ಬರು, ಸ್ವಲ್ಪ ಹೊತ್ತಿನ ಬಳಿಕ ಆಕೆಯ ಮೊಬೈಲ್ ಸಂಖ್ಯೆಯನ್ನಷ್ಟೇ ತಿದ್ದಿ ಉಳಿಸಿದರು. ನಮ್ಮ ಪುಟವು ಇಡೀ ಫಾರ್ಮನ್ನೇ ಸರ್ವರಿಗೆ ಕಳುಹಿಸುತ್ತಿದ್ದುದರಿಂದ, ಹಳೆಯ ಖಾತೆ ಸಂಖ್ಯೆ ಮತ್ತೆ ದಾಖಲೆಯಲ್ಲಿ ಬಂದು ಕುಳಿತಿತು. ಆಕೆಯ ಹಾಲಿನ ಹಣ ಎರಡು ಬಾರಿ ಹಳೆಯ ಖಾತೆಗೆ ಹೋದ ಮೇಲಷ್ಟೇ ವಿಷಯ ನಮಗೆ ತಿಳಿಯಿತು. ಗುಮಾಸ್ತರಿಬ್ಬರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ, ಲಾಗ್‌ನಲ್ಲಿ ದೋಷದ ಒಂದು ಸಾಲೂ ಇರಲಿಲ್ಲ. ಒಬ್ಬರ ಬದಲಾವಣೆ ಹೀಗೆ ಇನ್ನೊಬ್ಬರ ಬರವಣಿಗೆಯಡಿ ಸದ್ದಿಲ್ಲದೆ ಕಳೆದುಹೋಗುವುದನ್ನೇ ಡೇಟಾಬೇಸ್ ಬಲ್ಲವರು 'ಲಾಸ್ಟ್ ಅಪ್‌ಡೇಟ್' ಎನ್ನುತ್ತಾರೆ.

ದಾಖಲೆಯನ್ನು ತೆರೆದ ಕೂಡಲೇ ಬೀಗ ಹಾಕಿಬಿಡುವುದು ಮೊದಲು ಹೊಳೆಯುವ ಪರಿಹಾರ. ಆದರೆ ಪುಟ ತೆರೆದವರು ಉಳಿಸದೆಯೇ ಊಟಕ್ಕೆ ಎದ್ದುಹೋಗಬಹುದು, ಬ್ರೌಸರನ್ನು ಮುಚ್ಚಿಯೂಬಿಡಬಹುದು. ಅಷ್ಟು ಹೊತ್ತು ಒಂದು ಟ್ರಾನ್ಸಾಕ್ಷನ್ನನ್ನು (ಪೂರ್ತಿಯಾಗಿ ಆಗಬೇಕಾದ, ಇಲ್ಲವೇ ಆಗಲೇಬಾರದ ಡೇಟಾಬೇಸ್ ಕೆಲಸಗಳ ಗುಂಪನ್ನು) ತೆರೆದಿಟ್ಟು ಉಳಿದವರನ್ನೆಲ್ಲ ಕಾಯಿಸುವುದು ಕಾರ್ಯಸಾಧ್ಯವಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕುಂಗ್ ಮತ್ತು ರಾಬಿನ್ಸನ್ 1981ರಲ್ಲಿ ಪ್ರಕಟಿಸಿದ ಪ್ರಬಂಧವು ಬೇರೆಯೇ ದಾರಿಯನ್ನು ತೋರಿಸಿತು: ಘರ್ಷಣೆ ಅಪರೂಪವೆಂದು ಭಾವಿಸಿ ಎಲ್ಲರಿಗೂ ಬೀಗವಿಲ್ಲದೆ ಓದಲು ಬಿಡಬೇಕು, ಬರೆಯುವ ಮುನ್ನ ಮಾತ್ರ ಪರಿಶೀಲಿಸಬೇಕು. ಇಂದಿನ ಆಪ್ಟಿಮಿಸ್ಟಿಕ್ ಲಾಕಿಂಗ್‌ನ ಬೇರು ಅಲ್ಲಿದೆ.

ಕಾರ್ಯರೂಪದಲ್ಲಿ ಇದು ಬಹಳ ಸರಳ. ಟೇಬಲ್ಲಿಗೆ ಆವೃತ್ತಿ ಸಂಖ್ಯೆಯ ಒಂದು ಕಾಲಂ ಸೇರಿಸಬೇಕು. ಓದುವಾಗ ಆವೃತ್ತಿ 7 ಇದ್ದರೆ, 'ಈ ಸದಸ್ಯರ ಸಾಲಿನ ಆವೃತ್ತಿ ಈಗಲೂ 7 ಆಗಿದ್ದರೆ ಮಾತ್ರ ಹೊಸ ವಿವರಗಳನ್ನು ಬರೆದು ಆವೃತ್ತಿಯನ್ನು 8 ಮಾಡು' ಎಂಬ ಒಂದೇ ಅಪ್‌ಡೇಟ್ ಆದೇಶವನ್ನು ಕೊಡಬೇಕು. ಬದಲಾದ ಸಾಲುಗಳ ಸಂಖ್ಯೆ 1 ಎಂದು ಬಂದರೆ ಕೆಲಸ ಆಯಿತು. 0 ಎಂದು ಬಂದರೆ ನಡುವೆ ಬೇರೊಬ್ಬರು ಬರೆದಿದ್ದಾರೆ ಅಥವಾ ದಾಖಲೆಯನ್ನೇ ಅಳಿಸಿದ್ದಾರೆ ಎಂದರ್ಥ. ಪರಿಶೀಲನೆ ಮತ್ತು ಬರವಣಿಗೆ ಒಂದೇ ಆದೇಶದಲ್ಲಿರುವುದು ಇಲ್ಲಿ ಮುಖ್ಯ. ಅವನ್ನು ಎರಡಾಗಿ ಒಡೆದರೆ ಅವುಗಳ ನಡುವಿನ ಸಂದಿಯಲ್ಲಿ ಮೂರನೆಯವರು ನುಸುಳುತ್ತಾರೆ.

ನಾನು ಈ ಕಾಲಂ ಸೇರಿಸಿದ ಮೇಲೂ ತೊಂದರೆ ನಿಲ್ಲಲಿಲ್ಲ. ಕಾರಣ ಹುಡುಕಲು ಎರಡು ದಿನ ಬೇಕಾಯಿತು. ಉಳಿಸುವ ಕೋರಿಕೆ ಬಂದಾಗ ನನ್ನ ಕೋಡ್ ಮೊದಲು ಡೇಟಾಬೇಸಿನಿಂದ ದಾಖಲೆಯನ್ನು ಹೊಸದಾಗಿ ಓದುತ್ತಿತ್ತು, ಅದರ ಮೇಲೆ ಫಾರ್ಮಿನ ವಿವರಗಳನ್ನು ಹೇರುತ್ತಿತ್ತು, ಆಗತಾನೇ ಓದಿದ ಆವೃತ್ತಿಯನ್ನೇ ಷರತ್ತಿನಲ್ಲಿ ಬಳಸುತ್ತಿತ್ತು. ಹಾಗಾಗಿ ಹೋಲಿಕೆ ಬಹುತೇಕ ಯಾವಾಗಲೂ ಸರಿಹೊಂದುತ್ತಿತ್ತು. ನನ್ನ ರಕ್ಷಣೆ ಇದ್ದದ್ದು ಕೆಲವು ಮಿಲಿಸೆಕೆಂಡುಗಳಿಗೆ, ಗುಮಾಸ್ತರು ಪುಟದ ಮುಂದೆ ಕುಳಿತಿದ್ದ ಇಪ್ಪತ್ತು ನಿಮಿಷಗಳಿಗೆ ಅಲ್ಲ. ಬಳಕೆದಾರರು ಕಣ್ಣಾರೆ ಕಂಡ ದಾಖಲೆಯ ಆವೃತ್ತಿ ಪುಟದೊಂದಿಗೆ ಬ್ರೌಸರಿಗೆ ಹೋಗಿ, ಫಾರ್ಮಿನೊಂದಿಗೆ ಹಿಂದಿರುಗಿ, ಅದೇ ಷರತ್ತಿಗೆ ಇಳಿಯಬೇಕು. ಜಾವಾ ಆಬ್ಜೆಕ್ಟುಗಳನ್ನು ಡೇಟಾಬೇಸಿನ ಸಾಲುಗಳಿಗೆ ಜೋಡಿಸುವ ಹೈಬರ್ನೇಟ್ ಲೈಬ್ರರಿಯನ್ನು ಬಳಸುವವರು ಇಲ್ಲಿ ವಿಶೇಷವಾಗಿ ಎಚ್ಚರವಹಿಸಬೇಕು: ಈಗಷ್ಟೇ ಓದಿದ ಆಬ್ಜೆಕ್ಟಿನ ಆವೃತ್ತಿಯನ್ನು ನಾವು ಕೈಯಾರೆ ಬದಲಾಯಿಸಿದರೂ, ಅದು ತಾನು ಓದಿಕೊಂಡ ಆವೃತ್ತಿಯನ್ನೇ ಹೋಲಿಸುತ್ತದೆ. ಫಾರ್ಮಿನಿಂದ ಬಂದ ಸಂಖ್ಯೆಯನ್ನು ನಾವೇ ಹೋಲಿಸಿ ನೋಡಬೇಕಾಗುತ್ತದೆ. ಎಚ್‌ಟಿಟಿಪಿಯ ಇಟ್ಯಾಗ್ (ಸರ್ವರ್ ಕಳುಹಿಸುವ ಆವೃತ್ತಿಯ ಗುರುತು) ಮತ್ತು ಇಫ್-ಮ್ಯಾಚ್ (ಬ್ರೌಸರ್ ಅದನ್ನು ಹಿಂದಿರುಗಿಸುವ ಷರತ್ತು) ಹೆಡರುಗಳೂ ಇದೇ ಪ್ರಯಾಣವನ್ನು ವ್ಯವಸ್ಥಿತಗೊಳಿಸುತ್ತವೆ. ಗುರುತು ಹೊಂದದಿದ್ದರೆ ಸರ್ವರ್ 412, ಅಂದರೆ 'ಷರತ್ತು ಈಡೇರಲಿಲ್ಲ', ಎಂದು ಉತ್ತರಿಸುತ್ತದೆ.

ಆವೃತ್ತಿಯ ಬದಲು 'ಕೊನೆಯ ಬದಲಾವಣೆಯ ಸಮಯ'ವನ್ನು ಬಳಸುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡೇಟ್‌ಟೈಮ್ ಕಾಲಂ, ನಾವಾಗಿ ನಿಖರತೆಯನ್ನು ಸೂಚಿಸದಿದ್ದರೆ, ಸೆಕೆಂಡುಗಳವರೆಗೆ ಮಾತ್ರ ಸಮಯವನ್ನು ಇಟ್ಟುಕೊಳ್ಳುತ್ತದೆ. ಒಂದೇ ಸೆಕೆಂಡಿನಲ್ಲಿ ನಡೆದ ಎರಡು ಬದಲಾವಣೆಗಳು ಆಗ ಒಂದೇ ಆಗಿ ಕಾಣುತ್ತವೆ.

ಘರ್ಷಣೆ ಪತ್ತೆಯಾದ ಮೇಲೆ ಏನು ಮಾಡಬೇಕೆಂಬುದಕ್ಕೆ ಹೆಚ್ಚಿನವರು ಸಾಕಷ್ಟು ಯೋಚನೆ ಕೊಡುವುದಿಲ್ಲ ಎಂಬುದು ನನ್ನ ಅನುಭವ. ಹೊಸ ಆವೃತ್ತಿಯನ್ನು ಓದಿಕೊಂಡು ಅದೇ ಹಳೆಯ ಫಾರ್ಮನ್ನು ತಾನಾಗಿ ಮತ್ತೆ ಬರೆಯುವ ಕೋಡನ್ನು ಅನೇಕ ಕಡೆ ಕಂಡಿದ್ದೇನೆ. ಅದು ತಡೆಯಲು ಹೊರಟ ನಷ್ಟವನ್ನೇ ಸುತ್ತುದಾರಿಯಿಂದ ಮಾಡುತ್ತದೆ. ದಾಸ್ತಾನಿನಿಂದ ಒಂದನ್ನು ಕಳೆಯುವಂತಹ ಕೆಲಸವಾದರೆ ಹೊಸ ಮೌಲ್ಯದಿಂದ ಲೆಕ್ಕವನ್ನು ಮತ್ತೆ ಮಾಡಬಹುದು. ಮನುಷ್ಯರು ತುಂಬಿದ ಫಾರ್ಮಿನಲ್ಲಿ ನಿರ್ಧಾರ ಮನುಷ್ಯರದೇ ಆಗಬೇಕು. ಈಗ ನಮ್ಮ ಪುಟವು ಎರಡನೆಯವರು ಟೈಪ್ ಮಾಡಿದ್ದನ್ನು ಅಳಿಸದೆ ಉಳಿಸಿಕೊಂಡು, ಅದರ ಪಕ್ಕದಲ್ಲಿ ಡೇಟಾಬೇಸಿನಲ್ಲಿ ಸದ್ಯ ಇರುವ ಮೌಲ್ಯವನ್ನು, ಅದನ್ನು ಯಾರು ಎಷ್ಟು ಹೊತ್ತಿಗೆ ಬದಲಾಯಿಸಿದರು ಎಂಬುದನ್ನು ತೋರಿಸುತ್ತದೆ. ಗುಮಾಸ್ತರು ಮೊಬೈಲ್ ಸಂಖ್ಯೆಯನ್ನು ತಮ್ಮದರಿಂದಲೂ ಖಾತೆ ಸಂಖ್ಯೆಯನ್ನು ಹೊಸದರಿಂದಲೂ ಆರಿಸಿಕೊಂಡು ಉಳಿಸುತ್ತಾರೆ.