ಮೊದಲು ಹುಟ್ಟಿದ ದಿನ, ಆಮೇಲೆ ದರ: ಕುಟುಂಬದ ಮೊದಲ ಕ್ರೂಸ್ ಬುಕಿಂಗ್

ಬಳ್ಳಾರಿಯ ಟ್ರಾವೆಲ್ಸ್ ಕೌಂಟರಿಗೆ ಕ್ರೂಸ್, ಅಂದರೆ ಹಡಗಿನ ವಿಹಾರಯಾತ್ರೆ, ವಿಚಾರಿಸಲು ಬಂದವರು ಮೊದಲು ಕೇಳುವುದು ಒಂದೇ ಮಾತು: “ನಾಲ್ಕು ಮಂದಿಗೆ ಎಷ್ಟಾಗ್ತದ್ರೀ?” ಕೌಂಟರಿನಲ್ಲಿ ಕೂತ ನಮಗೂ ಒಂದು ಅಂಕಿ ಹೇಳಿಬಿಡುವ ಆತುರ. ಹಾಗೆ ಹೇಳಿದ ದರ ನಿಲ್ಲುವುದಿಲ್ಲ. ಗೋವಾ ಹೋಟೆಲ್ಲಿನಲ್ಲಿ ರೂಮಿಗೆ ಇಷ್ಟು, ಮೇಲೊಂದು ಎಕ್ಸ್‌ಟ್ರಾ ಬೆಡ್ಡಿಗೆ ಇಷ್ಟು ಎಂದರೆ ಮುಗಿಯಿತು. ಹಡಗಿನಲ್ಲಿ ದರ ತಲೆಗೆ. ಕೋಣೆಯಲ್ಲಿ ನೀವು ಎಷ್ಟನೆಯವರು, ನಿಮ್ಮ ವಯಸ್ಸೆಷ್ಟು ಎಂಬುದರ ಮೇಲೆ ಅದು ಬದಲಾಗುತ್ತದೆ. ಅದಕ್ಕೇ ಈ ಕೆಲಸದಲ್ಲಿ ಕಲಿತ ಮೊದಲ ಪಾಠ: ಕಂಪ್ಯೂಟರಿನಲ್ಲಿ ದರ ತೆಗೆಯುವ ಮೊದಲು, ಹೊರಟವರೆಲ್ಲರ ಪೂರ್ತಿ ಹೆಸರು ಮತ್ತು ಹುಟ್ಟಿದ ದಿನಾಂಕ ಒಂದು ಹಾಳೆಯ ಮೇಲೆ ಬರಬೇಕು.

ವಯಸ್ಸನ್ನು ಲೆಕ್ಕ ಹಾಕುವುದು ಹಡಗು ಹೊರಡುವ ದಿನಕ್ಕೆ, ದುಡ್ಡು ಕಟ್ಟುವ ದಿನಕ್ಕಲ್ಲ. ಇವತ್ತು ಹನ್ನೊಂದು ವರ್ಷದ ಹುಡುಗ ಮೇ ತಿಂಗಳಲ್ಲಿ ಹಡಗು ಹತ್ತುವಾಗ ಹನ್ನೆರಡು ದಾಟಿದ್ದರೆ ಮಕ್ಕಳ ದರ ಹೋಗಿ ದೊಡ್ಡವರ ದರ ಬೀಳಬಹುದು. ಅವನು ಆಡುವ ಜಾಗವೂ ಬದಲಾಗುತ್ತದೆ, ಏಕೆಂದರೆ ಹಡಗಿನ ಮಕ್ಕಳ ಕ್ಲಬ್ಬುಗಳು ವಯಸ್ಸಿನ ಗುಂಪು ಮಾಡಿರುತ್ತವೆ. ಮೂರು ವರ್ಷದೊಳಗಿನ, ಇನ್ನೂ ಡೈಪರ್ ಬಿಡದ ಮಕ್ಕಳನ್ನು ಹೆಚ್ಚಿನ ಕಡೆ ಅಪ್ಪ ಅಮ್ಮ ಜೊತೆಗಿಲ್ಲದೆ ಬಿಟ್ಟುಕೊಳ್ಳುವುದಿಲ್ಲ. ಡೈಪರ್ ಹಾಕಿದ ಮಗುವಿಗೆ ದೊಡ್ಡ ಈಜುಕೊಳಕ್ಕೂ ಪ್ರವೇಶವಿಲ್ಲ. ಆರು ತಿಂಗಳು ತುಂಬದ ಕೂಸನ್ನು ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಗರ್ಭಿಣಿಯರಿಗೆ ಸಾಮಾನ್ಯ ಗಡಿ 24 ವಾರ. ಜೊತೆಗೆ ಬರುವ ತಂಗಿಯೋ ನಾದಿನಿಯೋ ಬಸುರಿಯಾಗಿದ್ದರೆ ಆ ಮಾತನ್ನು ಮೊದಲೇ ಕೇಳಬೇಕು. ಸಂಕೋಚಪಟ್ಟು ಬಿಟ್ಟರೆ ಬಂದರಿನ ಬಾಗಿಲಲ್ಲಿ ಅವರಿಗೇ ತೊಂದರೆ.

ಇನ್ನು ಕೋಣೆ. ಹೆಚ್ಚು ಹೊತ್ತು ಕೂತು ಮಾತಾಡಬೇಕಾದದ್ದು ಇದರ ಬಗ್ಗೆಯೇ. ನಾಲ್ಕು ಜನರ ಕ್ಯಾಬಿನ್ ಅಂದರೆ ನಾಲ್ಕು ಮಂಚ ಅಲ್ಲ. ಕೆಳಗೆ ಎರಡು ಹಾಸಿಗೆ, ಗೋಡೆಗೋ ಚಾವಣಿಗೋ ಮಡಚಿಟ್ಟ ಇನ್ನೆರಡು. ಸಂಜೆ ಕ್ಯಾಬಿನ್ ಸಿಬ್ಬಂದಿ ಬಂದು ಮೇಲಿನವನ್ನು ಇಳಿಸಿ, ಸಣ್ಣ ಏಣಿ ಸಿಕ್ಕಿಸಿ ಹೋಗುತ್ತಾರೆ. ರೈಲಿನ ಅಪ್ಪರ್ ಬರ್ತ್ ನೆನಪಿಸಿಕೊಳ್ಳಿ, ಆದರೆ ಬೋಗಿಯಷ್ಟು ಉದ್ದದ ನಡೆದಾರಿ ಇಲ್ಲ. ನಾಲ್ಕೂ ಹಾಸಿಗೆ ಬಿಚ್ಚಿದ ಮೇಲೆ ಬಚ್ಚಲಿಗೆ ಹೋಗುವವರು ಏಣಿಯನ್ನು ಸುತ್ತಿಕೊಂಡೇ ಹೋಗಬೇಕು. ಆರು ವರ್ಷದೊಳಗಿನ ಮಗುವನ್ನು ಮೇಲೆ ಮಲಗಿಸಬಾರದು. ಆರಡಿ ಹುಡುಗನಿಗೆ ಅಲ್ಲಿ ಕಾಲು ಚಾಚಲಾಗದು. ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ 1990ರಲ್ಲಿ ಸೇವೆಗೆ ಬಂದ ಹಡಗು. ಆ ಕಾಲದ ವಿನ್ಯಾಸದಲ್ಲಿ ಕ್ಯಾಬಿನ್ನುಗಳು ಈಗಿನ ಹೊಸ ಹಡಗುಗಳಿಗಿಂತ ಚಿಕ್ಕವು. ದಂಪತಿ ಮತ್ತು ಎಂಟು, ಐದು ವರ್ಷದ ಎರಡು ಮಕ್ಕಳಾದರೆ ಒಂದೇ ಕೋಣೆ ಸಾಕು, ಚಿಕ್ಕ ಮಗು ಅಮ್ಮನ ಪಕ್ಕ ಮಲಗಿದರಾಯಿತು. ಹದಿನಾರರ ಮಗ, ಹದಿಮೂರರ ಮಗಳು ಇದ್ದರೆ ಎರಡು ಕೋಣೆ ತೆಗೆಯಿರಿ ಎಂದೇ ಹೇಳುತ್ತೇವೆ. ಬಾಲ್ಕನಿ ಇರುವ ಒಂದು ಕೋಣೆಯಲ್ಲಿ ನಾಲ್ವರು ಇಕ್ಕಟ್ಟಾಗುವುದಕ್ಕಿಂತ, ಎದುರುಬದುರಾಗಿ ಕಿಟಕಿಯಿಲ್ಲದ ಎರಡು ಒಳಗಿನ ಕೋಣೆ ಒಳ್ಳೆಯದು. ಎರಡು ಬಚ್ಚಲು ಸಿಗುತ್ತವೆ, ಅದೇ ದೊಡ್ಡ ಸುಖ. ಸಮುದ್ರವನ್ನು ಡೆಕ್ಕಿನ ಮೇಲೆ ನಿಂತು ನೋಡಬಹುದು.

ಆದರೆ ದರ ಇಲ್ಲಿ ತಿರುಗುತ್ತದೆ. ಒಂದು ಕೋಣೆಯ ಮೊದಲ ಇಬ್ಬರಿಗೆ ಪೂರ್ತಿ ದರ, ಮೂರನೆಯ ಮತ್ತು ನಾಲ್ಕನೆಯವರಿಗೆ ಕಡಿಮೆ. ಎರಡು ಕೋಣೆ ಮಾಡಿದರೆ ನಾಲ್ವರೂ ಮೊದಲ ಇಬ್ಬರೇ. “ಮಕ್ಕಳಿಗೆ ಫ್ರೀ” ಎಂಬ ಜಾಹೀರಾತು ಅನ್ವಯಿಸುವುದು ಆ ಮೂರನೆಯ, ನಾಲ್ಕನೆಯ ಹಾಸಿಗೆಗೆ. ಆಗಲೂ ಬಂದರು ಶುಲ್ಕ, ತೆರಿಗೆ, ಸಿಬ್ಬಂದಿ ಟಿಪ್ಸ್ ಮಗುವಿನ ಹೆಸರಿಗೂ ಬೀಳುತ್ತವೆ. ಇದನ್ನು ಗಿರಾಕಿಗೆ ಬರೆದು ತೋರಿಸಬೇಕು, ಬಾಯಿಮಾತು ಸಾಲದು.

ಎರಡು ಕೋಣೆ ಬುಕ್ ಮಾಡುವಾಗ ಇನ್ನೊಂದು ತೊಡಕಿದೆ. ಹದಿಹರೆಯದವರನ್ನೇ ಒಂದು ಕೋಣೆಗೆ ಹಾಕಲು ಬಹಳಷ್ಟು ಕಂಪನಿಗಳ ಸಿಸ್ಟಂ ಒಪ್ಪುವುದಿಲ್ಲ, ಪ್ರತಿ ಕೋಣೆಯಲ್ಲೂ ಒಬ್ಬ ವಯಸ್ಕರ ಹೆಸರಿರಬೇಕು. ಹಾಗಾಗಿ ಅಪ್ಪ ಮಗ ಒಂದರಲ್ಲಿ, ಅಮ್ಮ ಮಗಳು ಇನ್ನೊಂದರಲ್ಲಿ ಎಂದು ಬುಕ್ ಮಾಡಿ, ಎರಡೂ ಬುಕಿಂಗುಗಳನ್ನು ಒಂದಕ್ಕೊಂದು ಜೋಡಿಸಲು ಹೇಳಬೇಕು. ಜೋಡಿಸದಿದ್ದರೆ ಊಟದ ಟೇಬಲ್ಲೂ ಬೇರೆ ಬೇರೆಯಾಗುತ್ತದೆ. ಸ್ವಲ್ಪ ಅಗ್ಗಕ್ಕೆ ಸಿಗುವ ‘ಗ್ಯಾರಂಟಿ ಕ್ಯಾಬಿನ್’ ಕುಟುಂಬಕ್ಕೆ ಬೇಡ. ಅದರಲ್ಲಿ ಕೋಣೆಯ ದರ್ಜೆ ಮಾತ್ರ ಖಾತರಿ, ನಂಬರನ್ನು ಕಂಪನಿ ಆಮೇಲೆ ತನಗೆ ಬೇಕಾದಂತೆ ಕೊಡುತ್ತದೆ. ಅಮ್ಮ ಮಗಳು ಒಂದು ಡೆಕ್ಕಿನಲ್ಲಿ (ಹಡಗಿನ ಅಂತಸ್ತು), ಅಪ್ಪ ಮಗ ನಾಲ್ಕು ಡೆಕ್ ಮೇಲೆ ಆದರೂ ಕೇಳುವಂತಿಲ್ಲ.

“ಕೋಣೆಯಲ್ಲಿ ಒಂದು ಹಾಸಿಗೆ ಖಾಲಿ ಐತಲ್ರೀ, ಅಜ್ಜಿನ್ನೂ ಸೇರಿಸ್ರಿ” ಎಂದು ಆಮೇಲೆ ಬರುವವರೂ ಇದ್ದಾರೆ. ಹಾಸಿಗೆ ಖಾಲಿ ಇದ್ದರೂ ಸಿಸ್ಟಂ ಹೆಸರು ತೆಗೆದುಕೊಳ್ಳದೇ ಇರಬಹುದು. ಕಾರಣ ಲೈಫ್‌ಬೋಟ್. ಹಡಗಿನ ಪ್ರತಿ ಭಾಗದ ಪ್ರಯಾಣಿಕರಿಗೂ ಗೊತ್ತುಮಾಡಿದ ಬೋಟುಗಳಿರುತ್ತವೆ, ಆ ಭಾಗದ ಲೆಕ್ಕ ತುಂಬಿದರೆ ಒಬ್ಬರನ್ನೂ ಸೇರಿಸುವ ಹಾಗಿಲ್ಲ. ರಜೆ ಕಾಲದಲ್ಲಿ ಮೂರು, ನಾಲ್ಕು ಜನರ ಕೋಣೆಗಳು ಮೊದಲು ಖಾಲಿಯಾಗುವುದಕ್ಕೆ ಇದೂ ಒಂದು ಕಾರಣ. ಅಜ್ಜಿ ಬರುತ್ತಾರೋ ಇಲ್ಲವೋ ಎಂಬುದು ಮೊದಲ ದಿನವೇ ತೀರ್ಮಾನವಾಗಲಿ.

ಯಾವ ಯಾತ್ರೆ? ಇಲ್ಲಿಯ ಕುಟುಂಬಗಳಿಗೆ ಕೈಗೆಟುಕುವುದು ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಹಡಗು, ಇಲ್ಲವೇ ಬೆಂಗಳೂರಿನಿಂದ ವಿಮಾನದಲ್ಲಿ ಸಿಂಗಪುರಕ್ಕೆ ಹೋಗಿ ಅಲ್ಲಿಂದ ಮೂರು ನಾಲ್ಕು ರಾತ್ರಿಯದು. ಎರಡು ರಾತ್ರಿಯ ಯಾತ್ರೆಯನ್ನು ಮಕ್ಕಳಿರುವವರಿಗೆ ನಾವು ಶಿಫಾರಸು ಮಾಡುವುದಿಲ್ಲ. ಹತ್ತುವ ದಿನ ಸಾಲಿನಲ್ಲೇ ಕಳೆಯುತ್ತದೆ, ಇಳಿಯುವ ದಿನ ಬೆಳಗಿನ ತಿಂಡಿಗೆ ಮುಗಿಯುತ್ತದೆ, ಕೈಗೆ ಸಿಗುವುದು ನಡುವಿನ ಒಂದು ದಿನ. ಮೂರು ರಾತ್ರಿಯಾದರೂ ಇರಲಿ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡ ಮುಟ್ಟುವುದಿಲ್ಲ, ಸಮುದ್ರದಲ್ಲೇ ನಿಂತು ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಅಲೆ ಜೋರಿದ್ದರೆ ಕ್ಯಾಪ್ಟನ್ ಇಳಿಯುವುದನ್ನೇ ರದ್ದು ಮಾಡುತ್ತಾರೆ. ಮೊಣಕಾಲು ನೋವಿನ ಅಜ್ಜನಿಗೆ ಆ ದೋಣಿ ಹತ್ತಿ ಇಳಿಯುವುದೂ ಸುಲಭವಲ್ಲ.

ದಿನಾಂಕ ಹಿಡಿಯುವಾಗ ಶಾಲೆಯ ಕ್ಯಾಲೆಂಡರ್ ಜೊತೆ ಪರೀಕ್ಷೆಯದನ್ನೂ ನೋಡಬೇಕು. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗು ಎರಡನೇ ಪರೀಕ್ಷೆ ಬರೆಯಬೇಕಾಗಬಹುದು. ಪಿಯುಸಿ ಮುಗಿಸಿದವರಿಗೆ ಸಿಇಟಿ ಇದೆ, ನೀಟ್ ಬರುವುದು ಸಾಮಾನ್ಯವಾಗಿ ಮೇ ಮೊದಲ ವಾರದಲ್ಲಿ. ಅಂಥ ಮನೆಯವರಿಗೆ ಏಪ್ರಿಲ್ ಕೊನೆಯ ಅಗ್ಗದ ದರ ಎಷ್ಟು ಚೆನ್ನಾಗಿದ್ದರೂ ಬೇಡ. ದಸರಾ ರಜೆ ನೋಡಿ. ಅಷ್ಟರಲ್ಲಿ ಪಶ್ಚಿಮ ಕರಾವಳಿಯ ಮಳೆಗಾಲದ ಅಬ್ಬರವೂ ಇಳಿದಿರುತ್ತದೆ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ಎಡವುವುದು ಇನಿಷಿಯಲ್ಲಿನಿಂದ. ಆಧಾರ್‌ನಲ್ಲಿ ‘ಎಚ್. ಎಂ. ಬಸವರಾಜ’, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು, ಮಗನ ಜನನ ಪ್ರಮಾಣಪತ್ರದಲ್ಲಿ ಬರೀ ‘ಬಸವರಾಜ’. ವಿದೇಶದ ಯಾತ್ರೆಗೆ ವಿಮಾನ, ಹಡಗು, ವೀಸಾ ಮೂರಕ್ಕೂ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಬೇಕು, ವಾಟ್ಸಾಪಿನಲ್ಲಿ ಕಳಿಸಿದ ಹೆಸರು ನೋಡಿ ಅಲ್ಲ. ಸರ್‌ನೇಮ್ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟ್ ನಮ್ಮಲ್ಲಿ ಬಹಳ. ದುಬೈಯಿಂದ ಹೊರಡುವ ಹಡಗಿಗೆ ಅದು ದೊಡ್ಡ ಅಡ್ಡಿಯಾಗಬಹುದು, 2022ರ ನವೆಂಬರಿನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಅಲ್ಲಿ ಪ್ರವಾಸಿ ವೀಸಾ ಸಿಗುತ್ತಿಲ್ಲ.

ಮಕ್ಕಳ ಪಾಸ್‌ಪೋರ್ಟ್ ಅವಧಿ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಹದಿನೇಳೂವರೆ ದಾಟಿದ ಹುಡುಗನ ಅಂಥ ಪಾಸ್‌ಪೋರ್ಟಿನಲ್ಲಿ ಆರು ತಿಂಗಳು ಉಳಿದಿರುವುದೇ ಇಲ್ಲ. ಸಿಂಗಪುರಕ್ಕೆ ಆರು ತಿಂಗಳ ಅವಧಿ ಬೇಕೇ ಬೇಕು. ಹದಿನೈದು ದಾಟಿದವರಿಗೆ ಹತ್ತು ವರ್ಷದ ಪಾಸ್‌ಪೋರ್ಟ್ ಕೇಳುವ ಅವಕಾಶವಿದೆ, ಹೊಸದಾಗಿ ಮಾಡಿಸುವವರು ಅದನ್ನೇ ಕೇಳಲಿ. ಅಪ್ರಾಪ್ತರ ಅರ್ಜಿಗೆ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಘೋಷಣಾ ಪತ್ರ (ಅನೆಕ್ಷರ್ ಡಿ) ಬೇಕು. ನಾಲ್ಕು ವರ್ಷದೊಳಗಿನ ಮಗುವಿನ ಬಿಳಿ ಹಿನ್ನೆಲೆಯ ಫೋಟೋ ಕೈಯಲ್ಲಿರಲಿ. ಮಕ್ಕಳು ಬರೀ ಅಜ್ಜ ಅಜ್ಜಿ ಜೊತೆ ಅಥವಾ ಚಿಕ್ಕಪ್ಪನ ಜೊತೆ ಹೊರಟರೆ ಅಪ್ಪ ಅಮ್ಮನ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬೇಕು. ಸಿಂಗಪುರದಿಂದ ಹೊರಟ ಹಡಗು ಬೇರೆ ದೇಶ ಮುಟ್ಟಿ ಸಿಂಗಪುರಕ್ಕೇ ಮರಳುತ್ತದೆ. ಹಾಗಾಗಿ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಒಳಬರಲು ಬಿಡುವಂಥದ್ದೇ ಎಂದು ಕಾಗದದ ಮೇಲೆ ಬೆರಳಿಟ್ಟು ನೋಡಬೇಕು.

ಒಟ್ಟು ಖರ್ಚಿನ ಹಾಳೆಯಲ್ಲಿ ಹಡಗಿನ ದರ, ಬಂದರು ಶುಲ್ಕ, ಜಿಎಸ್‌ಟಿ, ತಲೆಗೆ ದಿನಕ್ಕಿಷ್ಟು ಎಂದು ಬೀಳುವ ಟಿಪ್ಸ್, ವೈಫೈ, ದಡದ ಸುತ್ತಾಟ, ವಿಮೆ, ಹಿಂದಿನ ರಾತ್ರಿಯ ಹೋಟೆಲ್ ಎಲ್ಲವೂ ಇರಬೇಕು. ವಿದೇಶದ ಪ್ಯಾಕೇಜಿಗೆ ಟಿಸಿಎಸ್, ಅಂದರೆ ದುಡ್ಡು ಕಟ್ಟಿಸಿಕೊಳ್ಳುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ಕಳೆದುಹೋಗುವ ದುಡ್ಡಲ್ಲ, ಪ್ಯಾನ್ ಕೊಟ್ಟಿದ್ದರೆ ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ.

ಹಿಂದಿನ ರಾತ್ರಿಯ ಹೋಟೆಲ್ ಯಾಕೆ ಎಂದು ಕೇಳುತ್ತಾರೆ. ಹಡಗು ಯಾರಿಗೂ ಕಾಯುವುದಿಲ್ಲ. ಹೊರಡುವುದಕ್ಕೆ ಒಂದು, ಒಂದೂವರೆ ತಾಸು ಮೊದಲೇ ಹತ್ತಿಸುವುದನ್ನು ನಿಲ್ಲಿಸುತ್ತಾರೆ. ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ಹೋಗುತ್ತದೆ, ಬಳ್ಳಾರಿಯವರು ಅದನ್ನು ಗುಂತಕಲ್ಲಿನಲ್ಲಿ ಹಿಡಿಯಬಹುದು. ಕೊಪ್ಪಳದವರಿಗೆ ಹುಬ್ಬಳ್ಳಿ ದಾರಿ ಸಲೀಸು. ಸಿಎಸ್‌ಎಂಟಿಯಿಂದ ಬಲ್ಲಾರ್ಡ್ ಪಿಯರ್‌ನ ಹಡಗು ನಿಲ್ದಾಣ ಹತ್ತಿರವೇ. ಹತ್ತಿರವಿದೆ ಎಂದು ಅದೇ ದಿನ ಮುಟ್ಟುವ ಗಾಡಿ ಹಿಡಿದರೆ, ಗಾಡಿ ತಡವಾದ ದಿನ ಕಟ್ಟಿದ ದುಡ್ಡೆಲ್ಲ ಹೋಗುತ್ತದೆ.

ಚೆಕ್‌ಇನ್‌ನಲ್ಲಿ ಕೊಟ್ಟ ದೊಡ್ಡ ಬ್ಯಾಗು ಕೋಣೆ ಬಾಗಿಲಿಗೆ ಬರಲು ಸಂಜೆಯಾಗಬಹುದು. ಅದರಲ್ಲಿ ಪಾಸ್‌ಪೋರ್ಟ್, ಮಾತ್ರೆ, ಮಗುವಿನ ಹಾಲಿನಪುಡಿ, ಈಜುವ ಬಟ್ಟೆ ಇಡಬಾರದು, ಇವೆಲ್ಲ ಹೆಗಲ ಚೀಲದಲ್ಲಿರಲಿ. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ಹಡಗಿಗೆ ಒಯ್ಯುವಂತಿಲ್ಲ. ಎಕ್ಸ್‌ಟೆನ್ಷನ್ ಬೋರ್ಡನ್ನೂ ಹೆಚ್ಚಿನ ಕಂಪನಿಗಳು ಒಳಗೆ ಬಿಡುವುದಿಲ್ಲ. ಮುಚ್ಚಿದ ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲ. ಮನೆಯಲ್ಲಿ ಮಾಡಿದ ಅಡುಗೆಯನ್ನೂ ತಡೆಯುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ರೈಲಿನಲ್ಲೇ ಮುಗಿಯಲಿ. ಶುದ್ಧ ಸಸ್ಯಾಹಾರ, ಜೈನ ಊಟ ಬೇಕಿದ್ದರೆ ಬುಕಿಂಗ್ ದಿನವೇ ಬರೆಸಬೇಕು. ಸಿಂಗಪುರಕ್ಕೆ ಹೋಗುವ ಹಿರಿಯರ ಜೇಬಿನಲ್ಲಿ ಗುಟ್ಕಾ, ಜರ್ದಾ ಉಳಿದಿಲ್ಲವೇ ಎಂದು ನೋಡಿ. ಅಲ್ಲಿ ಅವು ನಿಷೇಧ, ದಂಡ ಬೀಳುತ್ತದೆ.

ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷತಾ ಕವಾಯತು, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು ಎಂಬುದರ ಅಭ್ಯಾಸ. 2012ರಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಮುಳುಗಿ 32 ಜನ ಸತ್ತಾಗ, ಅದೇ ದಿನ ಹತ್ತಿದ ಎಷ್ಟೋ ಪ್ರಯಾಣಿಕರಿಗೆ ಇನ್ನೂ ಕವಾಯತೇ ಆಗಿರಲಿಲ್ಲ. ಆ ಬಳಿಕ ನಿಯಮ ಬಿಗಿಯಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ಕಡ್ಡಾಯವಾಯಿತು. ಮಕ್ಕಳಿಗೆ ತಮ್ಮ ಜಮಾವಣೆ ಜಾಗದ ನಂಬರ್ ಬಾಯಿಪಾಠ ಇರಲಿ. ಎರಡನೆಯದು ಮಕ್ಕಳ ಕ್ಲಬ್ಬಿನ ನೋಂದಣಿ. ಹದಿಹರೆಯದವರು ಮೊದಲ ಸಂಜೆಯೇ ಅಲ್ಲಿಗೆ ಹೋಗಬೇಕು, ಗೆಳೆತನದ ಗುಂಪು ಕಟ್ಟುವುದು ಆ ರಾತ್ರಿಯೇ. ಮರುದಿನ ಹೋದ ಮಗು ಬಾಗಿಲಲ್ಲೇ ನಿಂತು ವಾಪಸ್ ಬರುತ್ತದೆ.

ಮಕ್ಕಳ ಫೋನುಗಳನ್ನು ದಡ ಬಿಡುವ ಮೊದಲು ಫ್ಲೈಟ್ ಮೋಡಿಗೆ ಹಾಕಿ, ಹಡಗಿನ ವೈಫೈ ಮಾತ್ರ ಬಳಸಲಿ. ಸಮುದ್ರದ ಮೇಲಿನ ಮೊಬೈಲ್ ನೆಟ್‌ವರ್ಕ್ ತಾನಾಗಿ ಹಿಡಿದರೆ ರೋಮಿಂಗ್ ಬಿಲ್ ವಿಪರೀತ. ಕೋಣೆಯ ಕಾರ್ಡೇ ಹಡಗಿನಲ್ಲಿ ದುಡ್ಡು. ಮಕ್ಕಳ ಕಾರ್ಡಿಗೆ ಖರ್ಚು ಬರೆಯದಂತೆ, ಇಲ್ಲವೇ ಇಷ್ಟೇ ಎಂದು ಮಿತಿ ಹಾಕುವಂತೆ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ಹೇಳಬಹುದು. ಗೇಮ್ ಆಡುವ ಜಾಗದಲ್ಲಿ ದುಡ್ಡು ಕರಗುವುದು ಗೊತ್ತೇ ಆಗುವುದಿಲ್ಲ.

ವಾಂತಿಯ ಭಯ ಇದ್ದವರಿಗೆ ಹಡಗಿನ ನಡುಭಾಗದ, ಕೆಳಗಿನ ಡೆಕ್ಕಿನ ಕೋಣೆ ಕೊಡಿಸಬೇಕು, ಓಲಾಟ ಅಲ್ಲಿ ಕಡಿಮೆ. ಅವೋಮಿನ್‌ನಂಥ ಮಾತ್ರೆ ಕೆಲಸ ಮಾಡುವುದು ತಲೆ ತಿರುಗುವ ಮೊದಲು ತೆಗೆದುಕೊಂಡರೆ. ಮಕ್ಕಳ ಪ್ರಮಾಣವನ್ನು ವೈದ್ಯರನ್ನೇ ಕೇಳಿ, ಎರಡು ವರ್ಷದೊಳಗಿನವರಿಗೆ ಅದು ಬೇಡವೇ ಬೇಡ.

ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ, ಸಿಬ್ಬಂದಿ ಅವನ್ನು ಕೆಳಗೆ ಸಾಗಿಸುತ್ತಾರೆ. ಬೆಳಿಗ್ಗೆ ಹಾಕುವ ಬಟ್ಟೆ, ಚಪ್ಪಲಿ ಒಳಗೇ ಉಳಿಯಲಿ. ವಾಪಸ್ ರೈಲು, ವಿಮಾನವನ್ನು ಮಧ್ಯಾಹ್ನದ ಮೇಲಿನದಕ್ಕೇ ತೆಗೆಯಬೇಕು. ಹಡಗು ಬೆಳಗಿನ ಏಳಕ್ಕೆ ದಡ ಸೇರಿದರೂ, ತಪಾಸಣೆ ಮುಗಿಸಿ ಬ್ಯಾಗು ಹಿಡಿದು ಹೊರಬರುವಷ್ಟರಲ್ಲಿ ಹತ್ತಾಗುವುದುಂಟು.