ಈ ವಾರ ಗುಡಿಸೋ ಸರದಿ

ರಜೆಗೆ ಊರಿಗೆ ಬಂದು ನಾಲ್ಕು ದಿನ ಆಯ್ತು. ಮಂಡ್ಯದ ಹತ್ತಿರದ ಬಸರಾಳು ನಮ್ಮೂರು. ಮನೆ ಜಗಲಿ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬಂದವರೆಲ್ಲ ಕೇಳೋದು ಒಂದೇ, ಜರ್ಮನಿ ಹೆಂಗದೆ? ಚಳಿ ಜಾಸ್ತಿನಾ, ರಾಗಿ ಹಿಟ್ಟು ಸಿಗುತ್ತಾ, ಸಂಬಳ ಎಷ್ಟು ಅಂತ ನೇರವಾಗಿ ಕೇಳುವವರೂ ಇದ್ದಾರೆ. ನಾನು ಎಲ್ಲರಿಗೂ ಪೊರಕೆಯ ಕಥೆಯನ್ನೇ ಹೇಳುತ್ತೇನೆ. ಎರಡು ವರ್ಷದಲ್ಲಿ ಅಲ್ಲಿ ಕಲಿತದ್ದರಲ್ಲಿ ನನಗೆ ದೊಡ್ಡದು ಅನ್ನಿಸಿದ್ದು ಅದೇ.

ನಾನಿರೋದು ಸ್ಟುಟ್‌ಗಾರ್ಟ್‌ನಲ್ಲಿ. ಬೆಂಜ್ ಕಾರಿನ ಊರು ಅಂದರೆ ನಮ್ಮ ಕಡೆ ಬೇಗ ಗೊತ್ತಾಗುತ್ತೆ. ಸುತ್ತ ಗುಡ್ಡ, ನಡುವೆ ತಗ್ಗಿನಲ್ಲಿ ಊರು, ಇಳಿಜಾರಿನಲ್ಲಿ ಊರೊಳಗೇ ದ್ರಾಕ್ಷಿ ತೋಟ. ಗುಡ್ಡ ಹತ್ತಿ ಇಳಿಯೋಕೆ ಅಲ್ಲಲ್ಲಿ ಕಲ್ಲಿನ ಮೆಟ್ಟಿಲು. ಇಂಥ ಮೆಟ್ಟಿಲ ದಾರಿಗಳೇ 400ಕ್ಕೂ ಜಾಸ್ತಿ ಇವೆ. ಮೈಸೂರಲ್ಲಿ ಓದುವಾಗ ಚಾಮುಂಡಿ ಬೆಟ್ಟದ ಸಾವಿರದೆಂಟು ಮೆಟ್ಟಿಲು ಹತ್ತಿದ ಕಾಲಿಗೆ ಅದೇನೂ ಕಷ್ಟ ಆಗಲಿಲ್ಲ.

ಮೊದಲು ಕಷ್ಟ ಆಗಿದ್ದು ಹೆಸರಿನ ವಿಷಯದಲ್ಲಿ. ಅಲ್ಲಿ ಅಪಾರ್ಟ್‌ಮೆಂಟಿನ ಮನೆಗಳಿಗೆ ಸಾಮಾನ್ಯವಾಗಿ ನಂಬರ್ ಇರೋದಿಲ್ಲ. ಕೆಳಗಿನ ಬಾಗಿಲ ಪಕ್ಕ ಸಾಲಾಗಿ ಬೆಲ್ ಇರುತ್ತವೆ, ಒಂದೊಂದರ ಪಕ್ಕ ಒಂದೊಂದು ಹೆಸರು, ಅದೂ ಮನೆತನದ ಹೆಸರು ಮಾತ್ರ. ಟಪಾಲು ಡಬ್ಬಿ ಮೇಲೂ ಅದೇ. ಹೆಸರು ಅಂಟಿಸಿಲ್ಲ ಅಂದರೆ ಪೋಸ್ಟ್‌ಮ್ಯಾನ್ ಲೆಕ್ಕದಲ್ಲಿ ನೀವು ಆ ಮನೇಲಿ ಇಲ್ಲ. ನನಗಿದು ಗೊತ್ತಿರಲಿಲ್ಲ. ಬ್ಯಾಂಕಿನ ಕಾರ್ಡು ಬಂದದ್ದು ಬಂದ ಹಾಗೇ ವಾಪಸ್ ಹೋಯಿತು. ನಮ್ಮೂರಲ್ಲಿ ಅಪ್ಪನ ಹೆಸರು, ಊರ ಹೆಸರು ಇದ್ದರೆ ಸಾಕು, ಮನೇಲಿ ಇಲ್ಲ ಅಂದರೆ ಪೋಸ್ಟ್‌ಮ್ಯಾನ್ ಗದ್ದೆ ಹತ್ತಿರಾನೇ ಬಂದು ಕಾಗದ ಕೊಟ್ಟು ಹೋಗುತ್ತಿದ್ದ.

ಹೆಸರು ಹಾಕೋಣ ಅಂದರೆ ನಮಗೆ ಮನೆತನದ ಹೆಸರು ಎಲ್ಲಿದೆ? ಇರೋದು ಒಂದು ಇನಿಷಿಯಲ್. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವಾಗ ಸರ್‌ನೇಮ್ ಅನ್ನೋ ಖಾನೆ ತುಂಬೋಕೆ ಆ 'ಬಿ' ಬಿಡಿಸಿ ಬಸರಾಳು ಅಂತ ಬರೆದಿದ್ದೆ. ಹಾಗಾಗಿ ನನ್ನ ಬೆಲ್ ಪಕ್ಕ ಇರೋದು ಊರ ಹೆಸರು. ಆಫೀಸಲ್ಲಿ, ಆಸ್ಪತ್ರೆಯಲ್ಲಿ, ಎಲ್ಲ ಕಡೆ ನನ್ನನ್ನು ಕರೆಯೋದು 'ಹೆರ್ ಬಝರಾಲು', ಅಂದರೆ ಮಿಸ್ಟರ್ ಬಸರಾಳು. ಅವರ ಭಾಷೇಲಿ ಎರಡು ಸ್ವರದ ಮಧ್ಯೆ ಬರೋ ಸ, ಝ ಆಗುತ್ತೆ. ಳ ಅನ್ನೋ ಅಕ್ಷರವೇ ಇಲ್ಲ. ಆದರೂ ಡಾಕ್ಟರ್ ಕ್ಲಿನಿಕ್ಕಿನಲ್ಲಿ ಯಾರೋ ಆ ಹೆಸರು ಕೂಗಿದಾಗ ಇಡೀ ಊರನ್ನೇ ಒಳಗೆ ಕರೆದಂತೆ ಆಗಿ ಎದೆ ತುಂಬಿ ಬರುತ್ತೆ. ನಮ್ಮೂರಿನ ಮಲ್ಲಿಕಾರ್ಜುನನ ಗುಡಿ 1234ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ಅಷ್ಟು ಹಳೇ ಊರಿನ ಹೆಸರು ಅಲ್ಲಿ ಒಂದು ಬಾಗಿಲ ಮೇಲೆ ಇದೆ. ನಾನು ಕಳಿಸಿದ ಫೋಟೋನ ಅಪ್ಪ ಡೈರಿಗೆ ಹಾಲು ಹಾಕೋಕೆ ಹೋದಾಗ ಸಾಲಲ್ಲಿ ನಿಂತವರಿಗೆಲ್ಲ ತೋರಿಸಿದ್ದನಂತೆ.

ಈಗ ಪೊರಕೆ ವಿಷಯಕ್ಕೆ ಬರುತ್ತೇನೆ.

ಅಕ್ಟೋಬರ್ ತಿಂಗಳ ಒಂದು ಶುಕ್ರವಾರ ಸಂಜೆ ಕೆಲಸದಿಂದ ಬಂದಾಗ ನನ್ನ ಬಾಗಿಲ ಹಿಡಿಗೆ ಒಂದು ಸಣ್ಣ ಮರದ ಹಲಗೆ ನೇತಾಡುತ್ತಿತ್ತು. 'ಕೇರ್‌ವೋಖೆ' ಅಂತ ಅದರ ಮೇಲೆ ಬರೆದಿತ್ತು. ಯಾರೋ ತಪ್ಪಿ ಹಾಕಿದ್ದಾರೆ ಅಂದುಕೊಂಡು ತೆಗೆದು ಎದುರು ಮನೆ ಬಾಗಿಲಿಗೆ ಸಿಗಿಸಿಬಿಟ್ಟೆ. ಹತ್ತು ನಿಮಿಷಕ್ಕೆ ಕೆಳಗಿನ ಮನೆ ಅಜ್ಜಿ ಹಲಗೆ ಹಿಡಿದು ಮೇಲೆ ಬಂದರು. ಎಪ್ಪತ್ತೈದು ದಾಟಿದ ಹೆಂಗಸು, ನೆಟ್ಟಗೆ ನಡೆಯುತ್ತಾರೆ, ಮಾತು ಕಡಿಮೆ. ನಿಧಾನವಾಗಿ, ನನಗೆ ಅರ್ಥ ಆಗೋ ಜರ್ಮನ್‌ನಲ್ಲಿ ಹೇಳಿದರು. ಕೇರ್ ಅಂದರೆ ಗುಡಿಸೋದು, ವೋಖೆ ಅಂದರೆ ವಾರ. ಈ ಕಟ್ಟಡದಲ್ಲಿ ಆರು ಮನೆ. ಮೆಟ್ಟಿಲು, ಬಾಗಿಲು, ಮುಂದಿನ ಫುಟ್‌ಪಾತ್ ಗುಡಿಸೋದು ವಾರಕ್ಕೆ ಒಂದು ಮನೆಯವರು. ಹಲಗೆ ಯಾರ ಬಾಗಿಲಲ್ಲಿ ಇದೆಯೋ ಆ ವಾರ ಅವರ ಸರದಿ. ಬಾಡಿಗೆ ಕರಾರಿನಲ್ಲೂ ಬರೆದಿತ್ತು, ನಾನು ಓದಿರಲಿಲ್ಲ. ನಾಳೆ 'ಹಾಲ್ಬ್ ನೊಯ್ನ್'ಗೆ ಕೆಳಗೆ ಬಾ, ಹೇಗೆ ಅಂತ ತೋರಿಸುತ್ತೇನೆ ಅಂದರು.

ಹಾಲ್ಬ್ ಅಂದರೆ ಅರ್ಧ, ನೊಯ್ನ್ ಅಂದರೆ ಒಂಬತ್ತು. ಒಂಬತ್ತೂವರೆ ಅಂತ ತಿಳಿದುಕೊಂಡೆ. ಅವರ ಲೆಕ್ಕದಲ್ಲಿ ಅದು ಒಂಬತ್ತಾಗೋಕೆ ಅರ್ಧ ಗಂಟೆ ಇರುವಾಗ, ಅಂದರೆ ಎಂಟೂವರೆ. ನಾನು ಇಳಿದು ಹೋಗುವಾಗ ಅಜ್ಜಿ ಬಕೆಟ್ ಪಕ್ಕ ಇಟ್ಟುಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಗಂಟೆಯಿಂದ. ಬಕೆಟ್ಟಿನ ಬಿಸಿನೀರು ತಣ್ಣಗಾಗಿತ್ತು. ನನಗೆ ಎಷ್ಟು ನಾಚಿಕೆ ಆಯಿತು ಅಂದರೆ ಇವತ್ತಿಗೂ ಯಾರಾದರೂ ಅಲ್ಲಿ ಟೈಮ್ ಹೇಳಿದರೆ ಬೆರಳು ಮಡಚಿ ಎರಡು ಸಲ ಕೇಳಿಕೊಳ್ಳುತ್ತೇನೆ.

ಅವರು ಬೈಯಲಿಲ್ಲ. ನೀರು ಬದಲಾಯಿಸಿ, ಮೂರನೇ ಮಹಡಿಯಿಂದ ಶುರು ಮಾಡಿಸಿದರು. ಉದ್ದ ಕೋಲಿನ ಬ್ರಷ್ಷು, ಬಗ್ಗೋ ಹಾಗೇ ಇಲ್ಲ. ನಾನು ಮೆಟ್ಟಿಲ ನಡುಭಾಗ ತಳ್ಳಿಕೊಂಡು ಇಳಿಯುತ್ತಿದ್ದೆ. ಅವರು ನಿಲ್ಲಿಸಿ, ಸಣ್ಣ ಬ್ರಷ್ ಕೈಗೆ ಕೊಟ್ಟು ಮೂಲೆ ತೋರಿಸಿದರು. ಮೆಟ್ಟಿಲು ಗೋಡೆ ಸೇರೋ ಕಡೆ ಬೂದಿ ಬಣ್ಣದ ಧೂಳು ಒಂದು ಎಳೆಯಷ್ಟು ಕೂತಿರುತ್ತೆ, ನಿಂತು ನೋಡಿದರೆ ಕಾಣೋದೇ ಇಲ್ಲ. ಅದನ್ನು ತೆಗೆದ ಮೇಲೆ ಒದ್ದೆ ಬಟ್ಟೆ. ಮೆಟ್ಟಿಲ ಪಕ್ಕದ ಕಂಬಿ ಒರೆಸುವಾಗ ಅದರ ಅಡಿಭಾಗಕ್ಕೆ ಬೆರಳು ಸವರಿ ನನಗೆ ತೋರಿಸಿದರು, ಬೆರಳು ಕಪ್ಪಾಗಿತ್ತು. ಎಲ್ಲರೂ ಹಿಡಿದುಕೊಂಡು ಹತ್ತೋದು ಇದನ್ನೇ ಅಲ್ವಾ ಅನ್ನೋ ಹಾಗೆ ಹುಬ್ಬು ಏರಿಸಿದರು. ಆರು ಮನೆಯ ಬಾಗಿಲ ಮುಂದಿನ ಮ್ಯಾಟನ್ನೂ ಎತ್ತಿ ಕೆಳಗೆ ಗುಡಿಸಿ ಮತ್ತೆ ನೆಟ್ಟಗೆ ಹಾಕಿದೆವು. ಕೊನೆಗೆ ಫುಟ್‌ಪಾತ್. ಮಳೆಗೆ ನೆನೆದ ಎಲೆಗಳು ಕಲ್ಲಿಗೆ ಅಂಟಿಕೊಂಡಿದ್ದವು, ಒಂದೊಂದನ್ನೇ ಕೆರೆದು ತೆಗೆಯಬೇಕು. ಚಳಿಗಾಲದಲ್ಲಿ ಹಿಮ ಬಿದ್ದರೆ ಅದನ್ನೂ ಬೆಳಗ್ಗೆ ಬೇಗ ಎದ್ದು ಎತ್ತಬೇಕಂತೆ.

ಇದೆಲ್ಲ ಶನಿವಾರವೇ ಮುಗಿಯಬೇಕು. ಭಾನುವಾರ ಅಲ್ಲಿ ಅಂಗಡಿ ಬಾಗಿಲು ತೆಗೆಯೋದಿಲ್ಲ, ಯಾರೂ ಸದ್ದು ಮಾಡೋ ಹಾಗಿಲ್ಲ. ಗಾಜಿನ ಬಾಟ್ಲಿಯನ್ನು ಡಬ್ಬಕ್ಕೆ ಹಾಕಿದರೂ ತಪ್ಪು.

ಮುಗಿಸಿ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಇಲ್ಲಿ ಹೊತ್ತು ಮೂರೂವರೆ ಗಂಟೆ ಮುಂದೆ, ಅವ್ವ ಮುದ್ದೆ ಉಂಡು ಇದೇ ಜಗಲಿ ಮೇಲೆ ಕೂತಿದ್ದಳು.

"ಕೇರೋ ವಾರನಾ? ಅಲ್ಲೇನ್ ಕೇರ್ತಾರ್ಲಾ, ರಾಗಿನಾ?"

ನಾನು ಅಲ್ಲಿವರೆಗೂ ಆ ಪದವನ್ನು ಹಾಗೆ ಕೇಳಿಸಿಕೊಂಡೇ ಇರಲಿಲ್ಲ. ಮೊರ ಹಿಡಿದು ಕೇರೋ ಅವ್ವನಿಗೆ ಅದು ತಟ್ಟನೆ ಹೊಳೆದಿತ್ತು. ಗುಡಿಸೋದು ಕಣವ್ವ ಅಂತ ಬಿಡಿಸಿ ಹೇಳಿದೆ. ಅಜ್ಜಿ ಕಾದದ್ದನ್ನೂ ಹೇಳಿದೆ. ಅವ್ವನಿಗೆ ಸಿಟ್ಟು ಬಂತು.

"ಊರ ಹೆಸ್ರ ಬಾಗ್ಲಲ್ಲಿ ಹಾಕ್ಕೊಂಡು, ಒಂದ್ ಅಜ್ಜಿನ ಒಂದ್ ಗಂಟೆ ಕಾಯಿಸ್ದ್ಯಾ? ಬಸರಾಳೋರು ಗಲೀಜು ಅನ್ಕೊಳಲ್ವಾ ಅವ್ರು?"

ಆಮೇಲೆ ತಗ್ಗಿದ ದನಿಯಲ್ಲಿ, "ಗಂಡಸ್ರೂ ಗುಡಿಸ್ತಾರಾ ಅಲ್ಲಿ?" ಅಂದಳು. ಹೂಂ, ಎದುರು ಮನೆಯವರು ಡಾಕ್ಟರು, ಹೋದ ವಾರ ಅವರೇ ಗುಡಿಸಿದ್ದು ಅಂದೆ. ಅವ್ವ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಆ ಮೌನ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಇಪ್ಪತ್ತೊಂಬತ್ತು ವರ್ಷ ನಾನು ಅವ್ವ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಟ್ಟ ಬಾಗಿಲನ್ನು ದಾಟಿಕೊಂಡು ಸ್ಕೂಲಿಗೆ, ಕಾಲೇಜಿಗೆ, ಕೆಲಸಕ್ಕೆ ಹೋಗಿದ್ದೇನೆ. ರಂಗೋಲಿ ತುಳಿಯಬಾರದು ಅನ್ನೋದು ಗೊತ್ತಿತ್ತು, ಪೊರಕೆ ಮುಟ್ಟಬೇಕು ಅನ್ನೋದು ಗೊತ್ತಿರಲಿಲ್ಲ. ಮೈಸೂರಿನಲ್ಲೂ ಹಾಗೇ. ಜಂಬೂಸವಾರಿ ಮುಗಿದ ಮಾರನೇ ಬೆಳಗ್ಗೆ ಸಯ್ಯಾಜಿ ರಾವ್ ರಸ್ತೆಯಲ್ಲಿ ಪೌರಕಾರ್ಮಿಕರು ರಾಶಿ ರಾಶಿ ಕಸ ಎತ್ತುತ್ತಿದ್ದರು, ನಾನು ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿದ್ದೆ. 2015ರಲ್ಲೂ 2016ರಲ್ಲೂ ದೇಶದಲ್ಲೇ ಸ್ವಚ್ಛ ನಗರ ಅಂತ ಮೈಸೂರಿಗೆ ಮೊದಲ ಸ್ಥಾನ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡೆವು. ಗುಡಿಸಿದವರು ಯಾರೋ, ಹೆಮ್ಮೆ ಪಟ್ಟವರು ಯಾರೋ.

ನಮ್ಮವರು ಗುಡಿಸೋದಿಲ್ಲ ಅಂತ ನಾನು ಯಾವತ್ತೂ ಹೇಳಲ್ಲ. ಬಸರಾಳಿನ ಒಂದೊಂದು ಬಾಗಿಲೂ ದಿನಾ ಬೆಳಗಾಗೋ ಮೊದಲೇ ಚೊಕ್ಕಟ ಆಗುತ್ತೆ, ವಾರಕ್ಕೊಂದು ಸಲ ಅಲ್ಲ. ಆದರೆ ಕಸ ನಮ್ಮ ಬಾಗಿಲು ದಾಟಿ ಚರಂಡಿ ಮುಟ್ಟಿದರೆ ನಮ್ಮ ಲೆಕ್ಕ ಮುಗಿಯುತ್ತೆ. ದಿನಾ ಬಗ್ಗೋ ಬೆನ್ನು ಮಾತ್ರ ಹೆಂಗಸರದ್ದೇ. ಅಲ್ಲಿ ಅವರೂ ಒಂದೇ ದಿನಕ್ಕೆ ಕಲಿತವರಲ್ಲ. 1492ರಲ್ಲೇ ಅಲ್ಲಿನ ದೊರೆ ಎಬರ್‌ಹಾರ್ಡ್, ಪ್ರತಿ ಮನೆಯವರೂ ವಾರವಾರ ತಮ್ಮ ತಿಪ್ಪೆ ಕಸವನ್ನು ಊರ ಹೊರಗೆ ಸಾಗಿಸಬೇಕು ಅಂತ ಕಾನೂನು ಮಾಡಿದ್ದ. ವಾರವಾರ ಗುಡಿಸಲೇಬೇಕು ಅನ್ನೋ ನಗರದ ಕಡ್ಡಾಯವನ್ನು 1988ರಲ್ಲಿ ತೆಗೆದರೂ ಜನ ಬಿಡಲಿಲ್ಲ, ಬಾಡಿಗೆ ಕರಾರಿನಲ್ಲಿ, ಬಾಗಿಲ ಹಿಡಿಯಲ್ಲಿ ಆ ಹಲಗೆ ಉಳಿದುಕೊಂಡಿದೆ. ಒಂದು ಹಲಗೆ ಆರು ಬಾಗಿಲು ಸುತ್ತುತ್ತೆ, ಡಾಕ್ಟರ್ ಅಂತಲೂ ನೋಡಲ್ಲ, ಬಸ್ ಡ್ರೈವರ್ ಅಂತಲೂ ನೋಡಲ್ಲ. ನನಗೆ ಬಹಳ ಹಿಡಿಸಿದ್ದು ಅದು.

ಇವತ್ತು ಬೆಳಗ್ಗೆ ಐದೂವರೆಗೆ ಎಚ್ಚರ ಆಯಿತು. ಅವ್ವ ಹಿತ್ತಲಲ್ಲಿ ಸಗಣಿ ಕಲಸುತ್ತಿದ್ದಳು. ಕಡ್ಡಿ ಪೊರಕೆ ತಗೊಂಡು ನಾನು ಬಾಗಿಲಿಗೆ ಬಂದೆ. ಕಡ್ಡಿ ಪೊರಕೆ ಹಿಡಿದರೆ ಬಗ್ಗಲೇಬೇಕು. ಹತ್ತು ಅಡಿ ಗುಡಿಸುವಷ್ಟರಲ್ಲಿ ಸೊಂಟ ಹಿಡಿಯಿತು, ಅವ್ವ ಅರವತ್ತನೇ ವಯಸ್ಸಲ್ಲಿ ಇದನ್ನು ದಿನಾ ಮಾಡುತ್ತಾಳೆ. ಹಿತ್ತಲಲ್ಲಿ ಬಿದ್ದಿದ್ದ ಬಿದಿರು ಗಳಕ್ಕೆ ಪೊರಕೆ ಕಟ್ಟಿಕೊಂಡು ಮತ್ತೆ ಶುರು ಮಾಡಿದೆ. ಕಲ್ಲಿನ ಸಂದಿ, ಜಗಲಿ ಮೂಲೆ, ಆಮೇಲೆ ಪಕ್ಕದ ಮನೆ ಬಾಗಿಲವರೆಗೂ.

ಅವ್ವ ಬಕೆಟ್ ಹಿಡಿದು ಹೊಸಿಲಲ್ಲಿ ನಿಂತು ನೋಡುತ್ತಿದ್ದಳು. ಎದುರು ಮನೆ ಚಿಕ್ಕವ್ವ ಹೊರಗೆ ಬಂದು, "ಇದ್ಯಾಕಕ್ಕ, ಫಾರಿನ್ನಿಂದ ಬಂದಿರೋ ಮಗನ ಕೈಲಿ ಕಸ ಗುಡಿಸ್ತಾ ಇದ್ದೀಯೆ?" ಅಂತ ಕೇಳಿದಳು.

"ಈ ವಾರ ಅವುಂದೇ ಸರದಿ ಕಣವ್ವ" ಅಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, "ಚರಂಡಿ ಪಕ್ಕ ಬುಟ್ಬುಟ್ಟೆ ನೋಡು" ಅಂದಳು. ನಾನು ಅಲ್ಲೂ ಗುಡಿಸಿದೆ. ನೀರು ಅವಳೇ ಚಿಮುಕಿಸಿದಳು. ರಂಗೋಲಿ ಡಬ್ಬಿಯನ್ನಂತೂ ನನ್ನ ಕೈಗೆ ಕೊಡಲೇ ಇಲ್ಲ.